ನೀವು ಕೇಳಿದ್ದು: ವರ್ಚುಯಲ್ ಏರ್‌ಲೈನ್‌ನಲ್ಲಿ ಯಾರು ಏನು ಹಾರಿಸುತ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವರ್ಚುಯಲ್ ಏರ್‌ಲೈನ್ ಬಗ್ಗೆಯೇ ಇದ್ದವು. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು: ಕಂಪ್ಯೂಟರ್ ಸಿಮ್‌ನಲ್ಲಿ, ಅಂದರೆ ಹಾರಾಟವನ್ನು ಅನುಕರಿಸುವ ಫ್ಲೈಟ್ ಸಿಮ್ಯುಲೇಟರ್ ತಂತ್ರಾಂಶದಲ್ಲಿ, ವಿಮಾನ ಹಾರಿಸುವ ಹವ್ಯಾಸಿಗಳು ಸೇರಿ ಕಟ್ಟಿಕೊಂಡ ಸಂಸ್ಥೆ ಇದು. ವೇಳಾಪಟ್ಟಿ ಇರುತ್ತದೆ, ವಿಮಾನಗಳ ಪಟ್ಟಿ ಇರುತ್ತದೆ, ರ್‍ಯಾಂಕ್ ಇರುತ್ತದೆ. ಸಂಬಳ ಮಾತ್ರ ಇಲ್ಲ. ನೀವು ಹಾರಿಸುವಾಗ ಎಕಾರ್ಸ್ ಅನ್ನುವ ಚಿಕ್ಕ ತಂತ್ರಾಂಶ ಹಿಂದೆ ಕೂತು ಎಲ್ಲ ಬರೆದುಕೊಳ್ಳುತ್ತದೆ, ಇಳಿದ ಮೇಲೆ ಅದೇ ವರದಿಯಾಗಿ ಹೋಗುತ್ತದೆ. ಆ ವರದಿಗೆ ಪೈರೆಪ್ ಅನ್ನುತ್ತಾರೆ. ಇಂತಹ ವರದಿಗಳನ್ನು ಓದಿ ಒಪ್ಪಿಗೆ ಹಾಕುವ ಕೆಲಸ ನಾನು ಹಲವು ವರ್ಷ ಮಾಡಿದ್ದೇನೆ. ಕೆಳಗಿನ ಉತ್ತರಗಳು ಅಲ್ಲಿ ಕಂಡದ್ದರಿಂದಲೇ ಬಂದವು.

ಪ್ರಶ್ನೆ: ಸೇರಿ ಮೂರು ವಾರ ಆಯಿತು ಸರ್. ಇಲ್ಲಿ ಎಲ್ಲರೂ ಹತ್ತು ಗಂಟೆ, ಹನ್ನೆರಡು ಗಂಟೆಯ ಹಾರಾಟದ ಮಾತೇ ಆಡುತ್ತಾರೆ. ನನಗೆ ರಾತ್ರಿ ಸಿಗುವುದೇ ಎರಡು ಗಂಟೆ. ಒಂದು ಗಂಟೆಯ ಚಿಕ್ಕ ಮಾರ್ಗ ಬಿಟ್ಟು ಬೇರೆ ಏನೂ ಆಗುತ್ತಿಲ್ಲ. ನಾನು ಹಿಂದೆ ಬೀಳುತ್ತಿದ್ದೇನಾ?

ಖಂಡಿತ ಇಲ್ಲ. ಮಾತಾಡುವಾಗ ಎಲ್ಲರೂ ಸಾಗರ ದಾಟುತ್ತಾರೆ. ವರದಿ ತೆಗೆದು ನೋಡಿ, ವಾರದ ದಿನಗಳಲ್ಲಿ ಬರುವುದು ಹೆಚ್ಚಾಗಿ ಒಂದರಿಂದ ಎರಡು ಗಂಟೆಯ ಹಾರಾಟಗಳೇ. ನಾನು ಕೆಲಸ ಮಾಡಿದ ಕಡೆಯೆಲ್ಲ ಇದೇ ಕಂಡಿದ್ದೇನೆ. ಕಾರಣವೂ ಸರಳ, ಎಲ್ಲರಿಗೂ ಬೆಳಗ್ಗೆ ಎದ್ದು ಕೆಲಸಕ್ಕೋ ಕಾಲೇಜಿಗೋ ಹೋಗಬೇಕು.

ಇನ್ನೊಂದು ವಿಷಯ. ಒಂದು ಗಂಟೆಯ ಹಾರಾಟ ಅಂದರೆ ಒಂದೇ ಗಂಟೆಯ ಕೆಲಸ ಅಲ್ಲ, ಅದು ನಿಮಗೂ ಇಷ್ಟರಲ್ಲಿ ಗೊತ್ತಾಗಿರಬೇಕು. ಸಿಮ್‌ಬ್ರೀಫ್ ಅನ್ನುವ ಜಾಲತಾಣದಲ್ಲಿ ಹಾರಾಟದ ಪ್ಲಾನ್ ತೆಗೆಯಬೇಕು. ಹವಾಮಾನ ನೋಡಬೇಕು. ಕೋಲ್ಡ್ ಅಂಡ್ ಡಾರ್ಕ್, ಅಂದರೆ ಎಲ್ಲ ಆಫ್ ಆಗಿ ನಿಂತ ಕಾಕ್‌ಪಿಟ್‌ನಲ್ಲಿ ಬ್ಯಾಟರಿ ಆನ್ ಮಾಡುವುದರಿಂದ ಹಿಡಿದು, ಮಾರ್ಗವನ್ನು ವಿಮಾನದ ಕಂಪ್ಯೂಟರ್‌ಗೆ ತುಂಬಿ, ಇಂಧನ ಹಾಕಿ, ಪುಶ್‌ಬ್ಯಾಕ್, ಅಂದರೆ ಗೇಟಿನಿಂದ ಹಿಂದಕ್ಕೆ ತಳ್ಳಿಸಿಕೊಳ್ಳಲು ಅನುಮತಿ, ಕೇಳುವ ಹೊತ್ತಿಗೆ ಅರ್ಧ ಗಂಟೆ ಹೋಗಿರುತ್ತದೆ. ಇಳಿದ ಮೇಲೆ ಗೇಟಿಗೆ ಬಂದು ಎಂಜಿನ್ ಆರಿಸುವುದು ಬೇರೆ. ನಿಮ್ಮ ಎರಡು ಗಂಟೆ ಅಲ್ಲಿಗೆ ಸರಿಯಾಗಿ ತುಂಬಿತು.

ಕಲಿಯುವವರಿಗೆ ಚಿಕ್ಕ ಮಾರ್ಗವೇ ಒಳ್ಳೆಯದು ಅಂತ ನಾನು ನಂಬುತ್ತೇನೆ. ಉದ್ದದ ಹಾರಾಟದಲ್ಲಿ ಹತ್ತು ಗಂಟೆಗೆ ಒಂದು ಟೇಕಾಫ್, ಒಂದು ಲ್ಯಾಂಡಿಂಗ್, ನಡುವೆ ಕೈಗೆ ಕೆಲಸ ಕಮ್ಮಿ. ಚಿಕ್ಕ ಮಾರ್ಗದಲ್ಲಿ 24,000 ಅಡಿಗೆ ಏರಿ ಉಸಿರು ಬಿಡುವಷ್ಟರಲ್ಲಿ ಇಳಿಯುವ ಲೆಕ್ಕ ಹಾಕಬೇಕು. ಲೆಕ್ಕ ಗೊತ್ತಲ್ವಾ? ಪ್ರತಿ 1,000 ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲಿ. 24,000 ಅಡಿಯಿಂದ ಇಳಿಯಬೇಕಾದರೆ 72 ಮೈಲಿ ಮೊದಲೇ ಶುರು ಮಾಡಬೇಕು, ವೇಗ ಇಳಿಸಲು ಇನ್ನೊಂದಿಷ್ಟು ಸೇರಿಸಿಕೊಳ್ಳಿ. ವಾರಕ್ಕೆ ನಾಲ್ಕು ಸಲ ಇದನ್ನು ಮಾಡಿದವರ ಕೈ ಎಷ್ಟು ಬೇಗ ಪಳಗುತ್ತದೆ ಅನ್ನುವುದು ವರದಿ ಓದುವವರಿಗೆ ಚೆನ್ನಾಗಿ ಗೊತ್ತು.

ನಿಮ್ಮ ಸಂಸ್ಥೆಯಲ್ಲಿ ರ್‍ಯಾಂಕ್ ಬರೀ ಗಂಟೆಯ ಮೇಲೆ ಇದ್ದರೆ ಮಾತ್ರ ನಿಮಗೆ ಸ್ವಲ್ಪ ಅನ್ಯಾಯ ಆಗುತ್ತದೆ. ಹಾರಾಟದ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ನಡೆಸುವವರನ್ನು ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನಮ್ಮಲ್ಲಿ ಪ್ರತಿ ತಿಂಗಳು ಲ್ಯಾಂಡಿಂಗ್ ರೇಟ್ ಪಟ್ಟಿ ಹಾಕುತ್ತಾರೆ. ಮೇಲಿನವರದು ಮೈನಸ್ 50, ಮೈನಸ್ 60 ಇರುತ್ತದೆ. ನನ್ನದು ಯಾವಾಗಲೂ ಮೈನಸ್ 250, 280. ಏನು ತಪ್ಪು ಮಾಡುತ್ತಿದ್ದೇನೆ?

ನೀವು ತಪ್ಪು ಮಾಡುತ್ತಿಲ್ಲ. ಈ ಪಟ್ಟಿಯ ಬಗ್ಗೆ ನನಗೆ ಹೇಳುವುದು ಬಹಳ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಲ್ಯಾಂಡಿಂಗ್ ರೇಟ್ ಅಂದರೆ ಚಕ್ರ ನೆಲ ಮುಟ್ಟುವ ಕ್ಷಣದಲ್ಲಿ ವಿಮಾನ ನಿಮಿಷಕ್ಕೆ ಎಷ್ಟು ಅಡಿ ಕೆಳಗೆ ಬರುತ್ತಿತ್ತು ಅನ್ನುವುದು. ದೊಡ್ಡ ಪ್ರಯಾಣಿಕ ವಿಮಾನಗಳನ್ನು ಪ್ರಮಾಣೀಕರಿಸುವ ನಿಯಮದಲ್ಲಿ, ಲ್ಯಾಂಡಿಂಗ್‌ಗೆ ಒಪ್ಪಿದ ಗರಿಷ್ಠ ತೂಕದಲ್ಲಿ ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ ವೇಗದಲ್ಲಿ ಇಳಿದರೂ ಚೌಕಟ್ಟು ತಡೆಯಬೇಕು ಅಂತ ಇದೆ. ನಿಮ್ಮ 280 ಅದರ ಅರ್ಧವೂ ಆಗಲಿಲ್ಲ. ನಿಜವಾದ ವಿಮಾನದಲ್ಲಿ ಕೂತ ಪ್ರಯಾಣಿಕರಿಗೆ ಅದು ಸಾಧಾರಣ ಲ್ಯಾಂಡಿಂಗ್.

ಹಾಗಾದರೆ 60 ಹೇಗೆ ಬರುತ್ತದೆ? ಕೆಲವರಿಗೆ ಕೈ ಚಳಕ ಇದೆ, ಒಪ್ಪುತ್ತೇನೆ. ಆದರೆ ಬಹಳಷ್ಟು ಸಲ ಅದು ರನ್‌ವೇ ಮೇಲೆ ತೇಲಿದ್ದರ ಫಲ. ಮೂಗು ಎತ್ತಿ, ಇನ್ನೂ ಸ್ವಲ್ಪ ಎತ್ತಿ, ವಿಮಾನ ಮುಟ್ಟಿತೋ ಇಲ್ಲವೋ ಅನ್ನುವ ಹಾಗೆ ಕಾಯುತ್ತಾ ಕೂರುವುದು. 140 ನಾಟ್ ವೇಗದಲ್ಲಿ ವಿಮಾನ ಒಂದು ಸೆಕೆಂಡಿಗೆ ಸುಮಾರು 236 ಅಡಿ ಮುಂದೆ ಹೋಗುತ್ತದೆ. ಐದು ಸೆಕೆಂಡ್ ತೇಲಿದಿರಿ ಅಂದರೆ ಹೆಚ್ಚೂಕಮ್ಮಿ 1,200 ಅಡಿ ರನ್‌ವೇ ಹಿಂದೆ ಉಳಿಯಿತು. ಪೈಲಟ್‌ಗಳಿಗೆ ಕಲಿಸುವುದೇ ಬೇರೆ: ರನ್‌ವೇಯ ಮೊದಲ 3,000 ಅಡಿ ಅಥವಾ ಮೊದಲ ಮೂರನೇ ಒಂದು ಭಾಗ, ಯಾವುದು ಕಡಿಮೆಯೋ ಅದರೊಳಗೆ ಚಕ್ರ ಮುಟ್ಟಬೇಕು. ರನ್‌ವೇ ಒದ್ದೆ ಇದ್ದರಂತೂ ಸ್ವಲ್ಪ ಗಟ್ಟಿಯಾಗಿಯೇ ಇಳಿಸಿ ಅನ್ನುತ್ತಾರೆ. ಹಗುರವಾಗಿ ಇಳಿದರೆ ಚಕ್ರ ನೀರಿನ ಪದರದ ಮೇಲೇ ಜಾರುತ್ತಾ ಹೋಗಬಹುದು, ಬ್ರೇಕ್ ಹಿಡಿಯುವುದಿಲ್ಲ.

ನಾನೂ ಈ ಚಟಕ್ಕೆ ಬಿದ್ದಿದ್ದೆ. ಒಂದು ಸಲ ಮೈನಸ್ 74 ಬಂತು, ಖುಷಿಯಲ್ಲಿ ಎಲ್ಲರಿಗೂ ತೋರಿಸಿದೆ. ಹಿರಿಯ ಸದಸ್ಯರೊಬ್ಬರು ನನ್ನ ವರದಿಯ ನಕ್ಷೆ ತೆಗೆದು, ಚಕ್ರ ಮುಟ್ಟಿದ ಬಿಂದುವಿಗೆ ಜೂಮ್ ಮಾಡಿ, ಒಂದೇ ಒಂದು ಚಿತ್ರ ಕಳಿಸಿದರು. ರನ್‌ವೇ ಅರ್ಧ ಮುಗಿದಿತ್ತು. ಅದರ ಕೆಳಗೆ ವೇಗದ ಗೆರೆ, ಕೊನೆಯಲ್ಲಿ ಧಡಾರನೆ ಕೆಳಗೆ ಬಿದ್ದಿತ್ತು, ನಾನು ಗರಿಷ್ಠ ಬ್ರೇಕ್ ಒತ್ತಿ ನಿಲ್ಲಿಸಿದ್ದು ಅಲ್ಲಿ ಕಾಣುತ್ತಿತ್ತು. ಆವತ್ತಿನಿಂದ ವರದಿ ತೆಗೆದರೆ ಮೊದಲು ಎಲ್ಲಿ ಮುಟ್ಟಿತು ಅಂತ ನೋಡುತ್ತೇನೆ, ಆಮೇಲೆ ಎಷ್ಟರಲ್ಲಿ ಮುಟ್ಟಿತು ಅಂತ.

ನಿಮ್ಮ 280 ಅನ್ನು 180ಕ್ಕೆ ತರಬೇಕು ಅನ್ನಿಸಿದರೆ ಒಂದು ಅಭ್ಯಾಸ ಹೇಳುತ್ತೇನೆ. ಏರ್‌ಬಸ್ ಎ320 ವಿಮಾನದಲ್ಲಿ ಇಳಿಯುವಾಗ ಕಾಕ್‌ಪಿಟ್ ಧ್ವನಿ ಎತ್ತರವನ್ನು ಅಡಿಯಲ್ಲಿ ಹೇಳುತ್ತದೆ: ಫಿಫ್ಟಿ, ಫಾರ್ಟಿ, ಥರ್ಟಿ, ಟ್ವೆಂಟಿ, ರಿಟಾರ್ಡ್. ಥರ್ಟಿ ಕೇಳಿದಾಗ ನಿಧಾನಕ್ಕೆ ಮೂಗು ಎತ್ತಲು ಶುರು ಮಾಡಿ, ಅಷ್ಟರಲ್ಲಿ ಕಣ್ಣು ರನ್‌ವೇಯ ಆಚೆ ತುದಿಗೆ ಹೋಗಿರಬೇಕು. ರಿಟಾರ್ಡ್ ಅಂದಾಗ ಥ್ರಾಟಲ್ ಪೂರ್ತಿ ಹಿಂದೆ. ಕಣ್ಣು ಮೂಗಿನ ಕೆಳಗೇ ನೆಟ್ಟಿದ್ದರೆ ನೆಲ ಇದ್ದಕ್ಕಿದ್ದಂತೆ ಮೇಲೆ ಬಂದ ಹಾಗೆ ಕಾಣುತ್ತದೆ, ಗಾಬರಿಯಲ್ಲಿ ಜಾಸ್ತಿ ಎಳೆದುಬಿಡುತ್ತೀರಿ.

ಅಂದಹಾಗೆ, ಬೇರೆ ಬೇರೆ ತಂತ್ರಾಂಶ ಇದನ್ನು ಬೇರೆ ಬೇರೆ ರೀತಿ ಅಳೆಯುತ್ತವೆ. ಒಂದೇ ಲ್ಯಾಂಡಿಂಗ್‌ಗೆ ಒಂದು 190 ಅಂದರೆ ಇನ್ನೊಂದು 240 ಅನ್ನುವುದುಂಟು. ಹೀಗಿರುವಾಗ ಅದರ ಮೇಲೆ ತಿಂಗಳ ಪಟ್ಟಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದು ಸದಸ್ಯರಿಗೆ ಕೆಟ್ಟ ಅಭ್ಯಾಸ ಕಲಿಸುತ್ತದೆ. ಮುಟ್ಟಿದ ಜಾಗವನ್ನೂ ಸೇರಿಸಿ ಅಂಕ ಕೊಟ್ಟರೆ ಪಟ್ಟಿಗೆ ಒಂದು ಅರ್ಥ ಬರುತ್ತದೆ.

ಪ್ರಶ್ನೆ: ನಾನು ಚಿಕ್ಕದೊಂದು ವರ್ಚುಯಲ್ ಏರ್‌ಲೈನ್ ನಡೆಸುತ್ತೇನೆ. ಸದಸ್ಯರಿಗೆ ಏನು ಬೇಕು ಅಂತ ಮತ ಹಾಕಿಸಿದೆ. ದೊಡ್ಡ ವಿಮಾನ, ಉದ್ದದ ಮಾರ್ಗ ಬೇಕು ಅಂತ ಬಹುಮತ ಬಂತು. ಎರಡು ವಾರ ರಾತ್ರಿ ಕೂತು ಬೋಯಿಂಗ್ 777 ವಿಮಾನದ ಮಾರ್ಗಗಳನ್ನೆಲ್ಲ ಸೇರಿಸಿದೆ. ಈಗ ಯಾರೂ ಹಾರಿಸುತ್ತಿಲ್ಲ. ನನಗೆ ಬೇಜಾರಾಗಿದೆ.

ನಿಮ್ಮ ಬೇಜಾರು ನನಗೆ ಅರ್ಥ ಆಗುತ್ತದೆ. ಆ ಎರಡು ವಾರ ಎಷ್ಟು ಕೆಲಸ ಅಂತ ಮಾಡಿದವರಿಗೇ ಗೊತ್ತು. ಸದಸ್ಯರ ಮೇಲೆ ಮಾತ್ರ ಸಿಟ್ಟಾಗಬೇಡಿ. ಅವರು ಸುಳ್ಳು ಹೇಳಲಿಲ್ಲ. ಏನು ಬೇಕು ಅಂತ ಕೇಳಿದರೆ ಮನುಷ್ಯ ತನಗೆ ಆಸೆ ಇರುವುದನ್ನು ಹೇಳುತ್ತಾನೆ. ಮಂಗಳವಾರ ರಾತ್ರಿ ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತಾಗ ಏನು ಆರಿಸುತ್ತಾನೆ ಅನ್ನುವುದು ಅವನಿಗೇ ಆಗ ಹೊಳೆದಿರುವುದಿಲ್ಲ.

ಮುಂದಿನ ಸಲ ಮತ ಹಾಕಿಸುವ ಮೊದಲು ವರದಿಗಳನ್ನು ತೆರೆಯಿರಿ. ಕಳೆದ ಮೂರು ತಿಂಗಳದ್ದು ಸಾಕು. ವಾರದ ಯಾವ ದಿನ, ಎಷ್ಟು ಹೊತ್ತಿಗೆ ಹಾರಾಟ ಶುರುವಾಗಿದೆ, ಎಷ್ಟು ಗಂಟೆಯದ್ದು, ಯಾವ ವಿಮಾನ, ಅದೇ ಸದಸ್ಯ ಅದೇ ವಿಮಾನವನ್ನು ಎರಡನೇ ಸಲ ಹಾರಿಸಿದನಾ. ಈ ಕೊನೆಯದನ್ನು ಚೆನ್ನಾಗಿ ನೋಡಿ. ಹೊಸ ವಿಮಾನ ಬಂದ ದಿನ ಎಲ್ಲರೂ ಒಂದು ಸುತ್ತು ಹಾಕುತ್ತಾರೆ, ಅದು ಕುತೂಹಲ. ಎರಡನೇ, ಮೂರನೇ ವರದಿ ಬಂದರೆ ಆ ವಿಮಾನ ನಿಲ್ಲುತ್ತದೆ ಅಂತ ಲೆಕ್ಕ. ಬಿಟ್ಟುಹೋದ ಹಾರಾಟಗಳನ್ನೂ ನೋಡಿ, ಬುಕ್ ಮಾಡಿ ಹಾರಿಸದೆ ಬಿಟ್ಟದ್ದು, ನಡುವೆ ನಿಲ್ಲಿಸಿದ್ದು. ನಾನು ಒಂದು ಸಲ ಹೀಗೆ ಕೂತು ಎಣಿಸಿದಾಗ, ನಡುವೆ ಬಿಟ್ಟ ಹಾರಾಟಗಳೆಲ್ಲ ನಾಲ್ಕು ಗಂಟೆ ದಾಟಿದವು ಅಂತ ಗೊತ್ತಾಯಿತು. ನಿದ್ದೆ ಬಂದಿರುತ್ತದೆ, ಇಲ್ಲ ಸಿಮ್ ಕ್ರ್ಯಾಶ್ ಆಗಿರುತ್ತದೆ. ಎಂಟನೇ ಗಂಟೆಯಲ್ಲಿ ಕ್ರ್ಯಾಶ್ ಆದವರು ಮತ್ತೆ ಆ ಮಾರ್ಗದ ಕಡೆ ತಲೆ ಹಾಕುವುದಿಲ್ಲ.

ಕೇಳಲೇಬೇಕು ಅಂತಿದ್ದರೆ ಪ್ರಶ್ನೆ ಬದಲಿಸಿ. "ಏನು ಬೇಕು" ಅನ್ನುವ ಬದಲು "ಹೋದ ವಾರ ಏನು ಹಾರಿಸಿದಿರಿ, ಹಾರಿಸಬೇಕು ಅಂದುಕೊಂಡು ಬಿಟ್ಟದ್ದು ಯಾವುದು, ಯಾಕೆ ಬಿಟ್ಟಿರಿ" ಅಂತ ಕೇಳಿ. ಉತ್ತರದಲ್ಲಿ ನಿಮಗೆ ಕೆಲಸ ಸಿಗುತ್ತದೆ. ಒಬ್ಬರು ಆ ವಿಮಾನ ದುಡ್ಡು ಕೊಟ್ಟು ಕೊಳ್ಳಬೇಕು, ನನ್ನ ಹತ್ತಿರ ಇಲ್ಲ ಅನ್ನಬಹುದು. ಇದು ಬಹಳ ದೊಡ್ಡ ಕಾರಣ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಫ್ಲೈಬೈವೈರ್ ತಂಡದ ಎ320 ನಿಯೊ ಉಚಿತ, ಎಕ್ಸ್-ಪ್ಲೇನ್ ಅನ್ನುವ ಸಿಮ್‌ನಲ್ಲಿ ಜಿಬೊ 737 ಉಚಿತ. ನಿಮ್ಮ ಮಾರ್ಗಗಳಲ್ಲಿ ಇವಕ್ಕೆ ಹೊಂದುವಂಥವು ಎಷ್ಟಿವೆ ಅಂತ ಒಮ್ಮೆ ಎಣಿಸಿ ನೋಡಿ.

777 ಮಾರ್ಗಗಳನ್ನು ತೆಗೆಯಬೇಡಿ. ತಿಂಗಳಿಗೊಂದು ಶನಿವಾರ ಎಲ್ಲರೂ ಸೇರಿ ಒಂದನ್ನು ಹಾರಿಸುವ ಕಾರ್ಯಕ್ರಮ ಇಡಿ. ಒಬ್ಬರೇ ಕೂತು ಮಾಡಲಾಗದ್ದನ್ನು ಜೊತೆಯಲ್ಲಿ ಮಾತಾಡುತ್ತಾ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸಿಮ್ ಪೈಲಟ್‌ಗಳೂ ಕಂಟ್ರೋಲರ್‌ಗಳೂ ಸೇರುವ ವ್ಯಾಟ್‌ಸಿಮ್ ಅನ್ನುವ ಆನ್‌ಲೈನ್ ನೆಟ್‌ವರ್ಕ್‌ನ ಕ್ರಾಸ್ ದ ಪಾಂಡ್ ಕಾರ್ಯಕ್ರಮದಲ್ಲಿ ಅಟ್ಲಾಂಟಿಕ್ ದಾಟಲು ಜನ ಮೊದಲೇ ಜಾಗ ಕಾದಿರಿಸಿ ಕಾಯುತ್ತಾರೆ. ಅದೇ ಜನ ವಾರದ ದಿನ ಒಂದು ಗಂಟೆಯ ಮಾರ್ಗ ಹಾರಿಸುವವರು.

ಪ್ರಶ್ನೆ: ಆನ್‌ಲೈನ್ ನೆಟ್‌ವರ್ಕ್‌ನಲ್ಲಿ ನಿಜವಾದ ಮನುಷ್ಯರು ಕಂಟ್ರೋಲರ್ ಆಗಿ ಮಾತಾಡುತ್ತಾರಂತೆ. ನನಗೆ ಮೈಕ್ ಒತ್ತಲು ಕೈ ನಡುಗುತ್ತದೆ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಆಫ್‌ಲೈನ್‌ನಲ್ಲೇ ಇದ್ದರೆ ನನ್ನನ್ನು ಕೀಳಾಗಿ ನೋಡುತ್ತಾರಾ?

ನೋಡಬಾರದು. ನೋಡುವ ಕಡೆ ನೀವು ಇರಬೇಕಾಗಿಯೂ ಇಲ್ಲ. ಎಷ್ಟೋ ಜನ ವರ್ಷಗಟ್ಟಲೆ ಆಫ್‌ಲೈನ್‌ನಲ್ಲೇ ಹಾರಿಸುತ್ತಾರೆ, ಅವರಿಗೆ ಮೌನವೇ ಇಷ್ಟ. ಆದರೆ ನಿಮ್ಮ ಪತ್ರದ ಧಾಟಿ ನೋಡಿದರೆ ನಿಮಗೆ ಒಳಗೊಳಗೇ ಆಸೆ ಇದೆ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ದಾರಿ ಹೇಳುತ್ತೇನೆ.

ಇಂಥ ನೆಟ್‌ವರ್ಕ್‌ಗಳಲ್ಲಿ ಐವಾವೊ 1998ರಲ್ಲಿ ಶುರುವಾಯಿತು, ವ್ಯಾಟ್‌ಸಿಮ್ 2001ರಲ್ಲಿ. ಎರಡೂ ಉಚಿತ, ಎರಡನ್ನೂ ನಡೆಸುವುದು ಹವ್ಯಾಸಿಗಳು. ಆ ಕಡೆ ಕೂತ ಕಂಟ್ರೋಲರ್ ಕೂಡ ಒಂದು ದಿನ ಹೀಗೇ ನಡುಗಿದವರೇ. ವ್ಯಾಟ್‌ಸಿಮ್‌ನಲ್ಲಿ ಮಾತಾಡಲೇಬೇಕು ಅಂತ ಇಲ್ಲ, ಟೈಪ್ ಮಾಡಬಹುದು. ಫ್ಲೈಟ್ ಪ್ಲಾನ್‌ನ ರಿಮಾರ್ಕ್ಸ್ ಜಾಗದಲ್ಲಿ ಟಿ ಅಕ್ಷರವನ್ನು ಎರಡು ಓರೆಗೆರೆಗಳ ನಡುವೆ ಹಾಕಿದರೆ ಬರೀ ಟೆಕ್ಸ್ಟ್ ಅಂತ ಅರ್ಥ, ಆರ್ ಹಾಕಿದರೆ ಕೇಳಿಸಿಕೊಳ್ಳುತ್ತೇನೆ, ಟೈಪ್ ಮಾಡಿ ಉತ್ತರಿಸುತ್ತೇನೆ ಅಂತ. ಶುರುವಿಗೆ ಆರ್ ಬಹಳ ಒಳ್ಳೆಯದು. ಕಿವಿ ಮೊದಲು ಪಳಗಲಿ.

ಮಾತಾಡುವ ದಿನ ಬಂದಾಗ, ಗದ್ದಲ ಇಲ್ಲದ ನಿಲ್ದಾಣ ಆರಿಸಿ. ಹಾಳೆಯ ಮೇಲೆ ಐದು ಸಾಲು ಖಾಲಿ ಬಿಡಿ: ಎಲ್ಲಿಗೆ, ಯಾವ ದಾರಿ, ಎಷ್ಟು ಎತ್ತರ, ಯಾವ ಫ್ರೀಕ್ವೆನ್ಸಿ, ಯಾವ ಸ್ಕ್ವಾಕ್ (ರೇಡಾರ್‌ನಲ್ಲಿ ನಿಮ್ಮನ್ನು ಗುರುತಿಸುವ ನಾಲ್ಕಂಕಿ ಸಂಖ್ಯೆ). ಕಂಟ್ರೋಲರ್ ಕ್ಲಿಯರೆನ್ಸ್, ಅಂದರೆ ಹಾರಾಟದ ಅನುಮತಿ, ಕೊಡುವುದು ಹೆಚ್ಚಾಗಿ ಇದೇ ಸಾಲಿನಲ್ಲಿ. ಕೇಳಿಸಿದ್ದನ್ನು ಬರೆದುಕೊಂಡು ಅದನ್ನೇ ವಾಪಸ್ ಓದಿ, ಅಷ್ಟೇ. ಒಂದು ಸಾಲು ತಪ್ಪಿಹೋಯಿತಾ, "ಸೇ ಅಗೇನ್" ಅನ್ನಿ, ನಿಜವಾದ ಪೈಲಟ್‌ಗಳೂ ದಿನಾ ಅನ್ನುತ್ತಾರೆ. ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಇಲ್ಲಿ ಬೇಕಾಗಿರುವುದು ನೂರೋ ಇನ್ನೂರೋ ಪದಗಳ ಗೊತ್ತುಪಡಿಸಿದ ಮಾತು, ವ್ಯಾಕರಣ ಅಲ್ಲ. ಮೊದಲ ಮಾತಿನಲ್ಲೇ "ಐ ಆಮ್ ನ್ಯೂ" ಅಂದುಬಿಡಿ. ಹಾಗೆ ಅಂದವರಿಗೆ ಕಂಟ್ರೋಲರ್‌ಗಳು ನಿಧಾನ ಮಾಡಿ ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಕೆಲವರು ರಾತ್ರಿ ವಿಮಾನ ಎತ್ತರಕ್ಕೆ ಏರಿಸಿ, ಆಟೋಪೈಲಟ್ ಹಾಕಿ ಮಲಗುತ್ತಾರೆ. ಬೆಳಗ್ಗೆ ಎದ್ದು ಇಳಿಸುತ್ತಾರೆ. ಎಂಟು ಗಂಟೆ ಖಾತೆಗೆ ಬೀಳುತ್ತದೆ. ಇದು ಮೋಸ ಅಲ್ವಾ?

ಎಲ್ಲಿ ಹಾರಿಸುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಆನ್‌ಲೈನ್‌ನಲ್ಲಿ ಇದು ಖಂಡಿತ ತಪ್ಪು. ವ್ಯಾಟ್‌ಸಿಮ್ ನಿಯಮದ ಪ್ರಕಾರ ಸಂಪರ್ಕ ಹಾಗೇ ಇಟ್ಟು 30 ನಿಮಿಷಕ್ಕಿಂತ ಜಾಸ್ತಿ ಹೊತ್ತು ಎದ್ದು ಹೋಗುವ ಹಾಗಿಲ್ಲ. ನೀವು ಗೊರಕೆ ಹೊಡೆಯುವಾಗ ಕಂಟ್ರೋಲರ್ ಕರೆಯುತ್ತಲೇ ಇರುತ್ತಾರೆ, ನಿಮ್ಮ ಎತ್ತರದಲ್ಲೇ ಇನ್ನೊಬ್ಬರು ಬರುತ್ತಿರುತ್ತಾರೆ. ಇನ್ನೊಬ್ಬರ ಸಂಜೆ ಹಾಳು ಮಾಡುವ ಹಕ್ಕು ಯಾರಿಗೂ ಇಲ್ಲ.

ಆಫ್‌ಲೈನ್ ಆದರೆ, ನಿಮ್ಮ ಸಂಸ್ಥೆಯ ನಿಯಮ ಒಪ್ಪಿದರೆ, ನನ್ನ ತಕರಾರು ಏನೂ ಇಲ್ಲ. ಕೆಲವು ವಿಮಾನಗಳಲ್ಲಿ ಇಳಿಯಲು ಶುರು ಮಾಡಬೇಕಾದ ಬಿಂದು ಬಂದಾಗ ಸಿಮ್ ತಾನೇ ನಿಲ್ಲುವ ಸೌಲಭ್ಯವೇ ಇದೆ, ಸಿಮ್‌ಗೆ ವಿಮಾನ ಮಾಡಿ ಮಾರುವ ಪಿಎಂಡಿಜಿ ಕಂಪನಿಯ ವಿಮಾನಗಳಲ್ಲಿ ನೋಡಿರುತ್ತೀರಿ. ಮಲಗುವವರಿಗೆಂದೇ ಮಾಡಿದ ಹಾಗಿದೆ. ಸಿಮ್‌ನ ಸಮಯದ ವೇಗ ಹೆಚ್ಚಿಸಿ, ನಾಲ್ಕು ಪಟ್ಟು ಓಡಿಸುವವರೂ ಇದ್ದಾರೆ. ಅದಕ್ಕೆ ಒಂದು ಎಚ್ಚರಿಕೆ: ತಿರುವು ಬರುವ ಮೊದಲು ಮಾಮೂಲಿ ವೇಗಕ್ಕೆ ತನ್ನಿ. ಇಲ್ಲದಿದ್ದರೆ ಆಟೋಪೈಲಟ್‌ಗೆ ಸಾವರಿಸಿಕೊಳ್ಳಲು ಆಗದೆ ವಿಮಾನ ಎಡಕ್ಕೂ ಬಲಕ್ಕೂ ತೊನೆಯುತ್ತದೆ.

ಗಂಟೆಯ ಲೆಕ್ಕದಲ್ಲಿ ಮಾತ್ರ ನ್ಯಾಯ ಬೇಕು. ಸಿಮ್‌ನಲ್ಲಿ ಎಂಟು ಗಂಟೆ ಅಂತ ತೋರಿಸಿದರೂ ಗಡಿಯಾರದಲ್ಲಿ ಎರಡೇ ಗಂಟೆ ಆಗಿದ್ದರೆ ಖಾತೆಗೆ ಎರಡು ಬೀಳಲಿ. ವರದಿಯಲ್ಲಿ ನಿಜ ಇದ್ದರೆ ಉಳಿದದ್ದು ಅವರವರ ಇಷ್ಟ.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು. ರಾತ್ರಿಯೆಲ್ಲ ಹೆಡ್‌ಫೋನ್ ಹಾಕಿಕೊಂಡು ಯಾರ ಜೊತೆಗೋ ಇಂಗ್ಲಿಷ್‌ನಲ್ಲಿ ಅಂಕಿ ಹೇಳುತ್ತಾ ಕೂತಿರುತ್ತಾನೆ. ಬಿಡಬಹುದಾ ಮೇಡಂ, ಸರ್, ಯಾರು ಓದುತ್ತೀರೋ ಗೊತ್ತಿಲ್ಲ.

ಬಿಡಬಹುದು ತಾಯಿ, ನಿದ್ದೆಯ ಹೊತ್ತು ಮಾತ್ರ ನೀವೇ ಗೊತ್ತು ಮಾಡಿ. ವ್ಯಾಟ್‌ಸಿಮ್ ಸೇರಲು 13 ತುಂಬಿರಬೇಕು, ಅವನಿಗೆ ತುಂಬಿದೆ. ಅವನು ಹೇಳುತ್ತಿರುವ ಅಂಕಿಗಳು ಎತ್ತರ, ದಿಕ್ಕು, ರೇಡಿಯೊ ಫ್ರೀಕ್ವೆನ್ಸಿ. ಒಂದು ಸಂಜೆ ಅವನ ಪಕ್ಕ ಕುರ್ಚಿ ಹಾಕಿಕೊಂಡು ಪೂರ್ತಿ ಒಂದು ಹಾರಾಟ ನೋಡಿ. ಒಂದು ತಿಳಿದಿರಲಿ, ಹಾರಾಟದ ನಡುವೆ "ಈಗಲೇ ಆರಿಸು" ಅಂದರೆ ಅವನಿಗೆ ನಿಜಕ್ಕೂ ಕಷ್ಟ, ಇಳಿಯುವ ಸಾಲಿನಲ್ಲಿ ಅವನ ಹಿಂದೆ ಮುಂದೆ ಜನ ಇರುತ್ತಾರೆ. ಅದಕ್ಕೇ ಶುರು ಮಾಡುವ ಮೊದಲೇ ಎಷ್ಟು ಹೊತ್ತಿಗೆ ಇಳಿಯುತ್ತೀಯ ಅಂತ ಕೇಳಿ. ಅವನ ಪ್ಲಾನ್‌ನಲ್ಲಿ ಆ ಸಮಯ ನಿಮಿಷದ ಲೆಕ್ಕದಲ್ಲಿ ಇರುತ್ತದೆ.

ಪ್ರಶ್ನೆ: ನನ್ನದು ಹಳೆಯ ಕಂಪ್ಯೂಟರ್, ಹಳೆಯ ಎಫ್‌ಎಸ್‌ಎಕ್ಸ್. ಸೇರಿಸಿಕೊಳ್ಳುತ್ತಾರಾ?

ಬಹಳ ಕಡೆ ಸೇರಿಸಿಕೊಳ್ಳುತ್ತಾರೆ. ಎಫ್‌ಎಸ್‌ಎಕ್ಸ್, ಅಂದರೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ಬಂದದ್ದು 2006ರಲ್ಲಿ, ಇವತ್ತಿಗೂ ಅದನ್ನು ಬಿಡದವರು ಇದ್ದಾರೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಲಿ, 2024ರದ್ದಾಗಲಿ, ಎಕ್ಸ್-ಪ್ಲೇನ್ 12 ಆಗಲಿ ಕಣ್ಣಿಗೆ ಹಬ್ಬ, ನಿಜ. ಆದರೆ ವರದಿಯಲ್ಲಿ ಮೋಡದ ಅಂದ ಬರುವುದಿಲ್ಲ. ಅಲ್ಲಿನ ಎಕಾರ್ಸ್ ನಿಮ್ಮ ಸಿಮ್‌ಗೆ ಹೊಂದುತ್ತದಾ ಅಂತ ಸೇರುವ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಕಾಯಿಲೆ ಇತ್ತು. ಎರಡು ತಿಂಗಳು ಸಿಮ್ ಮುಟ್ಟಲಿಲ್ಲ. ವಾಪಸ್ ಬಂದರೆ ಖಾತೆಯೇ ಇಲ್ಲ, 400 ಗಂಟೆ ಹೋಯಿತು. ಒಂದು ಮಾತೂ ಕೇಳಲಿಲ್ಲ. ಇದು ಸರಿಯಾ?

ಸರಿಯಲ್ಲ. ಓದಿ ನನಗೂ ನೋವಾಯಿತು.

ಹಾರಿಸದವರ ಹೆಸರು ತೆಗೆಯುವ ನಿಯಮ ಬಹಳ ಕಡೆ ಇದೆ, 30 ದಿನ, 60 ದಿನ ಅಂತ. ಅದಕ್ಕೆ ಕಾರಣವೂ ಇದೆ. ಸೇರಿ ಒಂದೂ ಹಾರಾಟ ಮಾಡದೆ ಮರೆತವರ ಹೆಸರು ನೂರಾರು ಸೇರಿಕೊಂಡರೆ ನಡೆಸುವವರಿಗೆ ಯಾರು ಇದ್ದಾರೆ, ಯಾರು ಇಲ್ಲ ತಿಳಿಯುವುದಿಲ್ಲ. ಆದರೆ ಸೇರಿದ ದಿನವೇ ಮರೆತವರನ್ನೂ 400 ಗಂಟೆ ಹಾರಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಬಾರದು. ಖಾತೆಯನ್ನು ನಿದ್ದೆಗೆ ಹಾಕಬಹುದು, ಅಳಿಸಬೇಕಾಗಿಲ್ಲ.

ಈಗ ನೀವು ಮಾಡಬಹುದಾದ್ದು: ನಡೆಸುವವರಿಗೆ ನೇರವಾಗಿ ಬರೆಯಿರಿ, ಕಾರಣ ಒಂದು ಸಾಲಿನಲ್ಲಿ ಹೇಳಿ. ಹಿಂದಿನ ಬ್ಯಾಕಪ್‌ನಿಂದ ಖಾತೆ ಮರಳಿಸಲು ಆಗುವುದುಂಟು. ಆಗದಿದ್ದರೆ, ಬೇರೆ ಸಂಸ್ಥೆ ಸೇರುವಾಗ ಹಳೆಯ ಗಂಟೆಗಳನ್ನು ಒಪ್ಪುತ್ತೀರಾ ಅಂತ ಕೇಳಿ. ಎಷ್ಟೋ ಕಡೆ ಹಳೆಯ ಗಂಟೆಯ ಒಂದು ಭಾಗ ಕೊಡುತ್ತಾರೆ, ಆದರೆ ಪುರಾವೆ ಕೇಳುತ್ತಾರೆ. ಉಳಿದ ಓದುಗರೂ ಕೇಳಿಸಿಕೊಳ್ಳಿ, ತಿಂಗಳಿಗೊಮ್ಮೆ ನಿಮ್ಮ ಲಾಗ್‌ಬುಕ್ ಇಳಿಸಿ ಇಟ್ಟುಕೊಳ್ಳಿ, ಕೊನೆಗೆ ಪುಟದ ಚಿತ್ರವಾದರೂ ಇರಲಿ. ರಜೆ ಬೇಕಾದರೆ ರಜೆ ಅರ್ಜಿ ಹಾಕುವ ಅವಕಾಶ ಹೆಚ್ಚಿನ ಕಡೆ ಇರುತ್ತದೆ, ಒಂದು ನಿಮಿಷದ ಕೆಲಸ.

ನಡೆಸುವವರಿಗೂ ಒಂದು ಮಾತು. ಅಳಿಸುವ ಗುಂಡಿ ಒತ್ತುವ ಮೊದಲು "ಆರಾಮಾಗಿದ್ದೀರಾ?" ಅಂತ ಒಂದು ಸಾಲು ಕಳಿಸಿ. ಯಂತ್ರ ಕಳಿಸುವ ಎಚ್ಚರಿಕೆ ಬೇಡ, ನೀವೇ ಬರೆಯಿರಿ. ನಾನು ಹೀಗೆ ಬರೆದಾಗ ಉತ್ತರ ಬಂದವರಲ್ಲಿ ಒಬ್ಬರು ಆಮೇಲೆ ನಮ್ಮ ಹೊಸಬರಿಗೆಲ್ಲ ಕಲಿಸುವ ಕೆಲಸ ಹೊತ್ತುಕೊಂಡರು.

ಪ್ರಶ್ನೆ: ನಾನು ಒಂದೂವರೆ ವರ್ಷದಿಂದ ಹೆಚ್ಚೂಕಮ್ಮಿ ದಿನಾ ಒಂದೇ ಮಾರ್ಗ ಹಾರಿಸುತ್ತೇನೆ. ಎಟಿಆರ್ 72 ಅನ್ನುವ ಚಿಕ್ಕ ಪ್ರೊಪೆಲರ್ ವಿಮಾನ, ಐವತ್ತು ನಿಮಿಷ, ಹೋಗುವುದು, ಮರುದಿನ ಬರುವುದು. ಬೇರೆಯವರು ಬೇಜಾರಾಗುವುದಿಲ್ಲವಾ ಅಂತ ಕೇಳುತ್ತಾರೆ. ನನಗೆ ಆಗುವುದಿಲ್ಲ. ಇದರಲ್ಲಿ ಏನಾದರೂ ವಿಚಿತ್ರ ಇದೆಯಾ?

ಏನೂ ಇಲ್ಲ. ನಿಮ್ಮಂಥವರು ಪ್ರತಿ ಸಂಸ್ಥೆಯಲ್ಲೂ ಒಬ್ಬಿಬ್ಬರು ಇರುತ್ತಾರೆ, ಅವರ ವರದಿ ಓದುವುದೆಂದರೆ ನನಗೆ ಬಹಳ ಇಷ್ಟ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೋ ಪೋರ್ಚುಗಲ್‌ನ ಫಂಚಾಲ್‌ಗೋ ಒಂದು ಸಲ ಹೋಗಿ, ಕಷ್ಟದ ಲ್ಯಾಂಡಿಂಗ್ ಮಾಡಿ, ಚಿತ್ರ ತೆಗೆದು ಬರುವವರು ಒಂದು ಬಗೆ. ಒಂದೇ ಮಾರ್ಗವನ್ನು ಮುನ್ನೂರು ಸಲ ನೋಡಿದವರು ಇನ್ನೊಂದು ಬಗೆ. ಲೈವ್ ಹವಾಮಾನ ಹಾಕಿಕೊಂಡು ಹಾರಿಸಿದರೆ ಆ ಮುನ್ನೂರೂ ಬೇರೆ ಬೇರೆ. ಒಂದು ದಿನ ಗಾಳಿ ತಿರುಗಿ ಎದುರಿನ ರನ್‌ವೇ ಬಳಕೆಗೆ ಬರುತ್ತದೆ. ಒಂದು ದಿನ ಮೋಡದೊಳಗೆ ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿ ವೇಗ ಕುಸಿಯುತ್ತದೆ, ಎಟಿಆರ್‌ನಲ್ಲಿ ಅದನ್ನು ಕಣ್ಣಿಟ್ಟು ಕಾಯಬೇಕು. ಗಾಳಿಯ ಒತ್ತಡ 1013 ಹೆಕ್ಟೋಪಾಸ್ಕಲ್ ಇದ್ದದ್ದು 998 ಆಗಿರುತ್ತದೆ, ಎತ್ತರ ಸೂಚಕವನ್ನು ಅದಕ್ಕೆ ತಿರುಗಿಸಲು ಮರೆತರೆ ಅದು ನಿಜವಾದ ಎತ್ತರಕ್ಕಿಂತ ನಾನೂರಕ್ಕೂ ಹೆಚ್ಚು ಅಡಿ ಮೇಲೆ ತೋರಿಸುತ್ತದೆ. ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಾಗಿಲ್ಲ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಆ ಮಾರ್ಗದ ಬಗ್ಗೆ ಒಂದು ಪುಟ ಬರೆದು ನಿಮ್ಮ ಸಂಸ್ಥೆಗೆ ಕೊಡಿ. ಯಾವ ರನ್‌ವೇ ಸಿಕ್ಕರೆ ಎಲ್ಲಿಂದ ಇಳಿಯಲು ಶುರು ಮಾಡಬೇಕು, ಗಾಳಿ ಯಾವ ಕಡೆಯಿಂದ ಬಂದರೆ ಕೊನೆಯ ಐನೂರು ಅಡಿಯಲ್ಲಿ ವಿಮಾನ ಕುಲುಕುತ್ತದೆ, ರಾತ್ರಿ ಯಾವ ಟ್ಯಾಕ್ಸಿವೇ ತಿರುವು ಕಣ್ಣಿಗೆ ತಪ್ಪುತ್ತದೆ, ಎಷ್ಟು ಇಂಧನ ಹಾಕಿದರೆ ನೆಮ್ಮದಿ. ಮೇಲೆ ಮೊದಲ ಪ್ರಶ್ನೆ ಕೇಳಿದವರು ಇದ್ದಾರಲ್ಲ, ರಾತ್ರಿ ಎರಡೇ ಗಂಟೆ ಸಿಗುತ್ತದೆ ಅಂದವರು, ಅಂಥವರು ನಿಮ್ಮಲ್ಲೂ ಇರುತ್ತಾರೆ. ಐವತ್ತು ನಿಮಿಷದ ಮಾರ್ಗ ಹುಡುಕುವಾಗ ಆ ಪುಟ ಅವರ ಕೈಗೆ ಸಿಗಲಿ.